ಟ್ರಂಕಿನಲ್ಲಿದ್ದ ಹಸಿರು ಟೀ-ಶರ್ಟುಗಳು

ಫೋನ್ ಎತ್ತಿದವರು ರವೀಂದ್ರ ಅವರೇ! ಬಿಂದುಶ್ರೀ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಹೋದ ವರ್ಷದಿಂದ ಈ ಮನುಷ್ಯ ಅವಳ ನಂಬರ್ ಕಂಡರೆ ಸಾಕು, ಕಟ್ ಮಾಡುತ್ತಿದ್ದರು. ಇವತ್ತು ಅವಳು ತನ್ನ ತಮ್ಮ ಕೀರ್ತಿರಾಜನ ಫೋನಿನಿಂದ ಮಾಡಿದ್ದಕ್ಕೆ, ಯಾರೋ ಹೊಸ ಡೀಲರ್ ಇರಬೇಕೆಂದುಕೊಂಡು "ನಮಸ್ಕಾರ, ಗರಿಕೆ ಫೀಡ್ಸ್, ಹೇಳಿ ಸರ್" ಎಂದು ಬಲು ಉಪಚಾರದಿಂದ ಎತ್ತಿದ್ದರು.

"ಸಾ, ನಾನು ಸಾ... ಹಳೇಕೋಟೆ ಬಿಂದುಶ್ರೀ. ಕಬಡ್ಡಿ ಟೀಮು..."

ಆ ಕಡೆ ಉಪಚಾರವೆಲ್ಲ ಆರಿಹೋಯಿತು. ಕಟ್ ಮಾಡಿಯೇಬಿಟ್ಟರೇನೋ ಎಂದು ಅವಳು ಪರದೆ ನೋಡಿಕೊಂಡಳು. ಇಲ್ಲ, ಇನ್ನೂ ಇದ್ದರು.

"ಟೀ-ಶರ್ಟಿನೋರಾ?"

"ಹೂಂ ಸಾ. ಟೀ-ಶರ್ಟಿನೋರೇ."

"ಇನ್ನೂ ಏನಮ್ಮಾ ಬೇಕು ನಿಮಗೆ?"

"ಏನೂ ಬ್ಯಾಡ ಸಾ. ಒಂದ್ಸಲ ಬಂದು ನಿಮ್ಮನ್ನ ಕಂಡು ಮಾತಾಡ್ಸ್ಕಂಡು ಓಯ್ತೀನಿ, ಅಷ್ಟೇಯ."

ಏನೂ ಬೇಡ ಎಂದು ಫೋನ್ ಮಾಡುವವರನ್ನು ರವೀಂದ್ರ ತಮ್ಮ ನೌಕರಿಯಲ್ಲಿ ಕಂಡೇ ಇರಲಿಲ್ಲವೋ ಏನೋ. ಗಣೇಶನ ಪೆಂಡಾಲಿನವರು, ಆರ್ಕೆಸ್ಟ್ರಾದವರು, ಕ್ರಿಕೆಟ್ ಕಪ್ಪಿನವರು, ಕ್ಯಾಲೆಂಡರ್ ಅಚ್ಚು ಹಾಕಿಸುವವರು ಎಲ್ಲರೂ ಅವರ ಬಾಗಿಲು ತಟ್ಟುವುದು ಕೈ ಚಾಚಿಕೊಂಡೇ. ಅವರು "ನಾಳೆ ಬೆಳಗ್ಗೆ ಚನ್ನರಾಯಪಟ್ಟಣದ ಆಫೀಸಿಗೆ ಬನ್ನಿ. ಹತ್ತು ನಿಮಿಷ ಕೊಡ್ತೀನಿ, ಅಷ್ಟೇ" ಎಂದು ಇಟ್ಟುಬಿಟ್ಟರು.

ಬಿಂದುಶ್ರೀ ಹಜಾರದಲ್ಲೇ ಒಂದು ಸುತ್ತು ಕುಣಿದಳು. ಗೋಡೆಯ ಮೇಲಿನ ಬುದ್ಧನ ಪಟ ಅದನ್ನು ಎಂದಿನ ನಗುಮುಖದಲ್ಲೇ ನೋಡಿತು. ಏನೂ ಬೇಡ ಎಂದದ್ದು ಶುದ್ಧ ಸುಳ್ಳು ಎಂದು ಅದಕ್ಕೂ ಗೊತ್ತಿತ್ತು. ಅವಳಿಗೆ ಬೇಕಾದದ್ದು ಮ್ಯಾಟು. ಕಬಡ್ಡಿ ಮ್ಯಾಟು! ತುಂಡು ತುಂಡಾಗಿ ಬಂದು ಒಂದಕ್ಕೊಂದು ಹಲ್ಲು ಕಚ್ಚಿ ಕೂರುವ, ಕೋರ್ಟಿನಗಲ ಹರಡಿಕೊಳ್ಳುವ, ಬಿದ್ದರೂ ಮಂಡಿ ಕಿತ್ತುಹೋಗದ ಮ್ಯಾಟು.

ಹಳೇಕೋಟೆಯ ಶಾಲೆಯಲ್ಲಿ ಅವಳು ಅತಿಥಿ ಶಿಕ್ಷಕಿ, ಆಟ ಹೇಳಿಕೊಡುವವಳು. ಸಂಜೆಯಾದರೆ ಶಾಲೆಯ ಹಿಂದಿನ ಮಣ್ಣಿನಲ್ಲಿ ಸಂಘಮಿತ್ರ ಕಬಡ್ಡಿ ತಂಡದ ಕೋಚು. ಅವಳ ಹುಡುಗಿಯರು ಆ ಮಣ್ಣಿನಲ್ಲಿ ಯಾರನ್ನು ಬೇಕಾದರೂ ಉರುಳಿಸುತ್ತಾರೆ. ಆದರೆ ಈಗ ಎಲ್ಲ ಪಂದ್ಯವೂ ಮ್ಯಾಟಿನ ಮೇಲೆ. ಹಾಸನಕ್ಕೆ ಹೋಗಿ ಶೂ ಹಾಕಿಕೊಂಡು ಮ್ಯಾಟಿನ ಮೇಲೆ ನಿಂತರೆ, ಊರಲ್ಲಿ ಹುಲಿಯಂತಿದ್ದವರು ಕಾಲೂರಲಾಗದೆ ಜಾರುತ್ತಾರೆ. ಹೋದ ಸಲ ಜಿಲ್ಲಾ ಪಂದ್ಯಾವಳಿಯ ಸೆಮಿಫೈನಲ್ಲಿನಲ್ಲಿ ಸೋತದ್ದು ಹಾಗೆಯೇ. ಇನ್ನು ಸ್ವಲ್ಪ ದಿನಕ್ಕೆ ಮತ್ತೆ ಅದೇ ಪಂದ್ಯಾವಳಿ, ಅದು ಮುಗಿದರೆ ದಸರಾ ಕ್ರೀಡಾಕೂಟ. ಮ್ಯಾಟಿಲ್ಲದೆ ಈ ವರ್ಷವೂ ಜಾರಿದರೆ ಹುಡುಗಿಯರ ಮನೆಯವರು "ಸಾಕು ಬಿಡವ್ವ, ಇನ್ನು ಮದುವೆ ನೋಡಾನ" ಎನ್ನುವುದು ಖಂಡಿತ. ಆ ಮಾತು ಒಂದೆರಡು ಮನೆಗಳಲ್ಲಿ ಆಗಲೇ ಶುರುವಾಗಿತ್ತು.

ಇನ್ನು ಆ ಟೀ-ಶರ್ಟಿನ ರಾಮಾಯಣ. ಹೋದ ವರ್ಷ ಗರಿಕೆ ಫೀಡ್ಸ್‌ನವರು, ಅಂದರೆ ದನಕ್ಕೆ ಹಿಂಡಿ-ಬೂಸಾ ಮಾಡುವ ಈ ಕಂಪನಿಯವರು, ಎದೆಯ ಮೇಲೆ ಕರುವಿನ ಚಿತ್ರವಿರುವ ಹಸಿರು ಟೀ-ಶರ್ಟುಗಳನ್ನು ತಂಡಕ್ಕೆ ಹೊಲಿಸಿಕೊಟ್ಟಿದ್ದರು. ಎಂಥ ಬಟ್ಟೆ! ಮುಟ್ಟಿದರೆ ಬೆರಳು ಜಾರುತ್ತಿತ್ತು. ಬಿಂದುಶ್ರೀಯ ಅವ್ವ ಸಣ್ಣಕ್ಕ ಅದನ್ನು ಕೈಯಲ್ಲಿ ಹಿಡಿದು ನೋಡಿದಳು, ಮೂಗಿಗೆ ಹಿಡಿದು ವಾಸನೆ ನೋಡಿದಳು, ಆಮೇಲೆ ಅಷ್ಟನ್ನೂ ಮಡಿಸಿ ಟ್ರಂಕಿಗೆ ಹಾಕಿ ಬೀಗ ಜಡಿದಳು. "ಇಂಥ ಹೊಸಾ ಬಟ್ಟೇನ ಮಣ್ಣಲ್ಲಿ ವಳ್ಳಾಡ್ಸೀರಾ? ಫೈನಲ್ ದಿವ್ಸ ಆಕ್ಕಂಡು ಮೆರೀರಿ. ಅಲ್ಲೀಗಂಟ ಅಳೇವು ಸಾಕು." ಹುಡುಗಿಯರಿಗೂ ಅದು ಸರಿಯೆನಿಸಿತು. ಒಬ್ಬಳಾದರೂ ಬೇಡ ಎನ್ನಲಿಲ್ಲ. ಎಲ್ಲರ ಮನೆಯಲ್ಲೂ ಹೊಸ ಬಟ್ಟೆ ಮೊದಲು ಹೋಗುವುದು ಟ್ರಂಕಿಗೇ.

ಸೆಮಿಫೈನಲ್ಲಿನ ದಿನ ಕಂಪನಿಯ ಒಡತಿ ಅನಸೂಯಮ್ಮ ತಂಗಿ, ಭಾವ, ಬೀಗರು ಎಲ್ಲರನ್ನೂ ಕರೆದುಕೊಂಡು, "ನಮ್ಮ ಹುಡುಗೀರು ನೋಡಿ" ಎಂದು ಹೇಳಿಕೊಂಡು ಹಾಸನದ ಕ್ರೀಡಾಂಗಣಕ್ಕೆ ಬಂದರು. ನಮ್ಮ ಹುಡುಗಿಯರು ಹಳೆಯ ಹಳದಿ ಟೀ-ಶರ್ಟಿನಲ್ಲಿ ಒಳಗೆ ಬಂದರು. ಆ ಹಳದಿಯನ್ನು ಅದರ ಹಿಂದಿನ ವರ್ಷ ಕೊಟ್ಟಿದ್ದವರು ಗರಿಕೆಗೆ ನೇರ ಎದುರಾಳಿಯಾದ ಇನ್ನೊಂದು ಬೂಸಾ ಕಂಪನಿ! ಅವರ ಹೆಸರು ಬೆನ್ನಗಲ ಅಚ್ಚಾಗಿತ್ತು. ರವೀಂದ್ರ ಕಂಪನಿಯ ಏರಿಯಾ ಮ್ಯಾನೇಜರು. ಒಡತಿಯ ಪಕ್ಕದಲ್ಲಿ ಕೂತಿದ್ದ ಅವರ ಮುಖ ಆಗ ಹೇಗಾಗಿರಬಹುದೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ತಂಡವೂ ಸೋತಿತು, ಫೈನಲ್ಲೂ ಬರಲಿಲ್ಲ, ಟೀ-ಶರ್ಟು ಟ್ರಂಕಿನಲ್ಲೇ ಉಳಿಯಿತು. ಅಷ್ಟರ ಮೇಲೆ ಬಿಂದುಶ್ರೀ ಮಾಡಿದ ಮೊದಲ ಫೋನು ಯಾವುದಕ್ಕೆ ಗೊತ್ತೆ? ಶೂ ಕೇಳುವುದಕ್ಕೆ.

ಅವತ್ತು ಸಂಜೆ ಸಣ್ಣಕ್ಕ ನಂಜಮ್ಮನ ಗದ್ದೆಯಿಂದ ಮೊಣಕಾಲುಮಟ್ಟ ಕೆಸರಾಗಿ ಬಂದಳು. ನಾಟಿಯ ಕಾಲ. ಮಗಳು ಸುದ್ದಿ ಹೇಳಿದ್ದೇ, ಕಾಲು ತೊಳೆಯುತ್ತಿದ್ದವಳು ಚೊಂಬು ಕೆಳಗಿಟ್ಟಳು.

"ನಾಳೆ ನಾನೂ ಬತ್ತೀನಿ."

"ನೀನ್ಯಾಕವ್ವ?"

"ಬೀಗ ಜಡ್ದೋಳು ಯಾರು? ನಾನ್ ತಾನೆ? ನೀನು ಓಗಿ ಏನ್ ಕೇಳೀಯ?"

"ಮ್ಯಾಟು ಕೇಳ್ತೀನಿ."

"ಅದ್ಕೇಯ ಅವ್ರು ನಿನ್ನ ಫೋನ್ ಎತ್ತಲ್ಲ," ಎಂದಳು ಸಣ್ಣಕ್ಕ. "ಕೈ ಚಾಚ್ಕಂಡು ಓದ್ರೆ ಅವ್ರು ಧಣಿ, ನೀನು ಆಳು. ಇವತ್ತು ನಂಜಮ್ಮನ ಗದ್ದೇಲಿ ನಾನ್ ಬಗ್ದೆ. ನಮ್ಮ ಗದ್ದೆ ನಾಟಿ ದಿವ್ಸ ಅವ್ಳು ಬಂದು ಬಗ್ತಾಳೆ. ನಮ್ಮಿಬ್ರಲ್ಲಿ ಯಾರ್ ಮೇಲು, ಯಾರ್ ಕೆಳಗು?"

"ಅದು ಮುಯ್ಯಾಳು ಕಣವ್ವ. ಕಂಪನಿಯೋರ ಜತೆ ಯಾರಾರ ಮುಯ್ಯಾಳು ಮಾಡ್ತಾರಾ?"

"ಯಾಕ್ ಮಾಡ್ಬಾರ್ದು? ಅವ್ರಿಗೂ ಒಂದು ಗದ್ದೆ ಇದ್ದೇ ಇರ್ತದೆ. ಯಾವ್ದು ಅಂತ ಕೇಳು. ಮೊದ್ಲು ಓಗಿ ನೀನು ಬಗ್ಗು."

ಹರೆಯವೆಲ್ಲ ಕೂಲಿಗೆ ಹೋಗಿ, ಈಚೆಗಷ್ಟೇ ಸ್ವಂತ ತುಂಡು ಗದ್ದೆ ಕಂಡವಳು ಸಣ್ಣಕ್ಕ. ಕೂಲಿಗೆ ಹೋಗುವುದಕ್ಕೂ ಮುಯ್ಯಾಳಿಗೆ ಹೋಗುವುದಕ್ಕೂ ಇರುವ ವ್ಯತ್ಯಾಸ ಅವಳ ಬೆನ್ನಿಗೆ ಗೊತ್ತಿತ್ತು. ಬಿಂದುಶ್ರೀಗೆ ಆ ಮಾತು ಎದೆಗೆ ನಾಟಿತು. ಬಿ.ಪಿ.ಎಡ್. ಓದಿಕೊಂಡು ಇಷ್ಟು ದಿನ ತಾನು ಬರೆದ ಮನವಿಗಳೆಲ್ಲ "ದಯಮಾಡಿ" ಎಂದೇ ಶುರುವಾಗುತ್ತಿದ್ದವು ಎಂದು ನೆನೆದು ನಾಚಿಕೆಯೂ ಆಯಿತು.

ಮಾರನೆಯ ದಿನ ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಇಬ್ಬರೂ ಚನ್ನರಾಯಪಟ್ಟಣಕ್ಕೆ ಬಂದರು. ಸಣ್ಣಕ್ಕನ ತೊಡೆಯ ಮೇಲೆ ಸೀರೆಯಲ್ಲಿ ಕಟ್ಟಿದ ಗಂಟು. ರವೀಂದ್ರ ಕೂರಲು ಹೇಳುವ ಮೊದಲೇ ಅವಳು ಗಂಟು ಬಿಚ್ಚಿ ಮೇಜಿನ ಮೇಲೆ ಇಟ್ಟಳು. ಹಸಿರು ಟೀ-ಶರ್ಟುಗಳು, ಕಂಪನಿಯವರು ಮಡಿಸಿಕೊಟ್ಟ ಮಡಿಕೆ ಹಾಗೇ ಇತ್ತು. ನುಸಿಗುಳಿಗೆಯ ಘಾಟು ಆಫೀಸೆಲ್ಲ ಹರಡಿತು.

"ಬಯ್ಯಂಗಿದ್ರೆ ನನ್ನ ಬಯ್ಯಿ ನನ್ನಪ್ಪ," ಎಂದಳು. "ಹೊಸಾ ಬಟ್ಟೆ ಮಣ್ಣಾಯ್ತದಲ್ಲ ಅಂತ ಹೊಟ್ಟೆ ಉರೀತು. ಫೈನಲ್‌ಗೆ ಅಂತ ಎತ್ತಿಟ್ಟೆ. ಫೈನಲ್ಲೇ ಬರ್ನಿಲ್ಲ."

ರವೀಂದ್ರ ಒಂದನ್ನು ಬಿಡಿಸಿ ನೋಡಿದರು. ಒಂದು ವರ್ಷದಿಂದ ಎದೆಯಲ್ಲಿ ಇಟ್ಟುಕೊಂಡಿದ್ದ ಸಿಟ್ಟೆಲ್ಲ ಬಾಯಿಗೆ ಬಂದಿತ್ತು. ಅದನ್ನು ಈಗ ಯಾರ ಮೇಲೆ ಸುರಿಯುವುದು?

"ಮಾರ್ಕೊಂಡ್ರಿ ಅಂದ್ಕೊಂಡಿದ್ದೆ ಕಣಮ್ಮ ನಾನು," ಎಂದರು. "ಇಲ್ಲಾ ಆ ಹಳದಿಯೋರು ನಿಮಗೆ ಏನೋ ಜಾಸ್ತಿ ಕೊಟ್ಟು ಒಳಗೆ ಹಾಕ್ಕೊಂಡ್ರು ಅಂತ. ನಮ್ಮ ಮೇಡಂ ಅವತ್ತು ನನಗೆ ಒಂದು ಮಾತೂ ಅನ್ನಲಿಲ್ಲ, ಗೊತ್ತಾ? ಬೈದಿದ್ರೇ ಚೆನ್ನಾಗಿತ್ತು."

"ಅವತ್ತೇ ಬಂದು ಹೇಳ್ಬೇಕಿತ್ತು ಸಾ. ಮುಖ ತೋರ್ಸಕ್ಕೆ ಭಯ ಆಯ್ತು," ಎಂದಳು ಬಿಂದುಶ್ರೀ.

"ಶೂ ಕೇಳೋಕೆ ಭಯ ಆಗ್ಲಿಲ್ಲ?"

ಅವಳ ಕಿವಿಯೆಲ್ಲ ಬಿಸಿಯಾಯಿತು. ಮೇಜಿನ ಕೆಳಗೆ ಅವ್ವನ ಹಿಮ್ಮಡಿ ಅವಳ ಪಾದ ಒತ್ತಿತು. ಅವಳು ಉಸಿರೆಳೆದುಕೊಂಡು ಕೇಳಿದಳು: "ಸಾ, ಈಗ ನಿಮಗೇನು ತಲೆಬಿಸಿ ಐತೆ, ಹೇಳಿ."

ರವೀಂದ್ರ ಕಣ್ಣು ಪಿಳಿಪಿಳಿ ಬಿಟ್ಟರು. ಆ ಪ್ರಶ್ನೆಯನ್ನು ಅವರ ಹೆಂಡತಿ ಕೂಡ ಈಚೆಗೆ ಕೇಳಿರಲಿಲ್ಲವೆಂದು ಕಾಣುತ್ತದೆ. ಒಮ್ಮೆ ಶುರು ಮಾಡಿದವರು ಆಮೇಲೆ ನಿಲ್ಲಿಸಲೇ ಇಲ್ಲ. ಬರುವ ಭಾನುವಾರ ನುಗ್ಗೇಹಳ್ಳಿಯಲ್ಲಿ ಕಂಪನಿಯಿಂದ ಹಾಲು ಕರೆಯುವ ಸ್ಪರ್ಧೆ. ಅನಸೂಯಮ್ಮನವರೇ ಬರುತ್ತಾರೆ. ಹಾಲು ಕರೆಯುವವರು ಹೆಂಗಸರು, ಆದರೆ ಕರೆದರೆ ಬರುವವರು ಗಂಡಸರು. ಬಂದು ಊಟ ಮಾಡಿ ಎಲೆಯಡಿಕೆ ಹಾಕಿಕೊಂಡು ಹೋಗುತ್ತಾರೆ. ಹಿಂದಿನ ಸಲ ಇನ್ನೊಂದೂರಿನಲ್ಲಿ ಮೇಡಂ ಖಾಲಿ ಕುರ್ಚಿಗಳಿಗೆ ಭಾಷಣ ಮಾಡಿ ಬಂದಿದ್ದರು. ಈ ಸಲವೂ ಹಾಗಾದರೆ ತಮ್ಮ ಕತೆ ಮುಗಿಯಿತು ಎಂದರು.

ಅಮ್ಮ-ಮಗಳು ಮುಖ ಮುಖ ನೋಡಿಕೊಂಡರು. ಗದ್ದೆ ಸಿಕ್ಕಿತ್ತು!

"ಹೆಂಗಸ್ರನ್ನ ನಾವು ಕರ್ಕಂಡ್ ಬತ್ತೀವಿ ಸಾ," ಎಂದಳು ಬಿಂದುಶ್ರೀ. "ಟೀಮೆಲ್ಲಾ ಬತ್ತೀವಿ. ಇದೇ ಟೀ-ಶರ್ಟ್ ಆಕ್ಕಂಡು."

"ಅದಕ್ಕೆ ನಾವೇನು ಕೊಡ್ಬೇಕು?" ರವೀಂದ್ರರ ದನಿಯಲ್ಲಿ ಹಳೆಯ ಎಚ್ಚರ ಬಂತು.

ಮ್ಯಾಟು ಎಂಬ ಮಾತು ಅವಳ ತುಟಿಯ ತನಕ ಬಂದಿತ್ತು. ಹಿಮ್ಮಡಿ ಇನ್ನೊಮ್ಮೆ ಒತ್ತಿತು, ಈ ಸಲ ಜೋರಾಗಿ.

"ಏನೂ ಬ್ಯಾಡ ಸಾ," ಎಂದಳು. ಹೇಳಿದ ಮೇಲೆ ನೋಡಿದರೆ ಈ ಸಲ ಅದು ಸುಳ್ಳಾಗಿರಲಿಲ್ಲ.

ಗುರುವಾರ ಹಾಸನದಿಂದ ಮೆಸೇಜು ಬಂತು: ಪಂದ್ಯಾವಳಿಯನ್ನು ಗೊತ್ತಾದ ದಿನಕ್ಕಿಂತ ಮುಂಚೆಯೇ ಇಟ್ಟಿದ್ದಾರೆ, ಈ ಸಲ ತಂಡಗಳು ನಾಲ್ಕೇ ಆದ್ದರಿಂದ ಸೆಮಿಫೈನಲ್ ಫೈನಲ್ ಎರಡೂ ಇದೇ ಭಾನುವಾರ ಮಧ್ಯಾಹ್ನ ಮೂರರ ಮೇಲೆ! ಹುಡುಗಿಯರಲ್ಲಿ ಅರ್ಧ ಜನ "ನುಗ್ಗೇಹಳ್ಳಿ ಬಿಟ್ಬುಡಾನ ಕಣಕ್ಕ" ಎಂದರು. ತಂಡದ ದೊಡ್ಡ ರೈಡರು ನಿಸರ್ಗ. ಎದುರಾಳಿಯ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಕೇರಿಯವರ ಜೊತೆ ಆಟವೇನು ಎನ್ನುವ ತಾತ ತಿಮ್ಮಪ್ಪನ ಹತ್ತಿರ ಜಗಳವಾಡಿ ಆಡಲು ಬರುವ ಹುಡುಗಿ. ಅವಳು ಮಾತ್ರ ಬಿಂದುಶ್ರೀಯ ಮುಖವನ್ನೇ ನೋಡಿದಳು. ಬಿಂದುಶ್ರೀ ಯೋಚನೆ ಮಾಡುತ್ತ ಕೂರದೆ ಆಗಲೇ ರವೀಂದ್ರರಿಗೆ ಫೋನ್ ಮಾಡಿದಳು. ಹೋದ ವರ್ಷ ಮಾಡದೆ ಬಿಟ್ಟದ್ದು ಅದನ್ನೇ ತಾನೆ.

"ಸಾ, ಒಂದು ಕೆಟ್ಟ ಸುದ್ದಿ. ಮೊದ್ಲೇ ಹೇಳ್ಬುಡ್ತೀನಿ. ಮ್ಯಾಚೂ ಅವತ್ತೇ ಬಿದ್ದದೆ."

"ಅಂದ್ರೆ ಬರಲ್ಲ."

"ಬತ್ತೀವಿ ಸಾ. ಮೇಡಂ ಬಂದು ನಮ್ಮನ್ನ ನೋಡೋಗಂಟ ಇರ್ತೀವಿ. ಆಮೇಲೆ ನಮ್ಮನ್ನ ಬಿಟ್ಬುಡ್ಬೇಕು."

ಆ ಕಡೆ ಒಂದು ನಿಟ್ಟುಸಿರು. "ಮೇಡಂ ಹನ್ನೊಂದಕ್ಕೆಲ್ಲ ಬಂದುಬಿಡ್ತಾರೆ. ಆಮೇಲೆ ನಮ್ಮ ಬೂಸಾ ಗಾಡೀಲೇ ಹಾಸನಕ್ಕೆ ಕಳಿಸ್ತೀನಿ," ಎಂದರು ರವೀಂದ್ರ. ಅಷ್ಟು ಹೇಳಿ, ಫೋನ್ ಇಡದೆ, "ಮೊದಲೇ ಹೇಳಿದ್ದು ಒಳ್ಳೇದಾಯ್ತು ಕಣಮ್ಮ" ಎಂದೂ ಸೇರಿಸಿದರು.

ಶನಿವಾರವೇ ಹುಡುಗಿಯರು ಕೀರ್ತಿರಾಜನ ಗೂಡ್ಸ್ ಆಟೋ ಹತ್ತಿ ನುಗ್ಗೇಹಳ್ಳಿಗೆ ಬಂದಿಳಿದರು. ಮನೆ ಮನೆಗೂ ಹೋದರು. ಬೂಸಾದ ವಿಚಾರ ಎತ್ತಲಿಲ್ಲ, ಭಾಷಣದ ವಿಚಾರ ಅಂತೂ ಇಲ್ಲವೇ ಇಲ್ಲ. ನಿಸರ್ಗ ಒಂದೊಂದು ಜಗಲಿಯ ಮುಂದೂ ನಿಂತು ಸೊಂಟಕ್ಕೆ ಕೈಯಿಟ್ಟು ಕೂಗಿದಳು: "ನಾಳೆ ಅಳೇಕೋಟೆ ಹುಡ್ಗೀರಿಗೂ ನುಗ್ಗೇಹಳ್ಳಿ ಹೆಂಗಸ್ರಿಗೂ ಕಬಡ್ಡಿ! ಎದೆಗಾರ್ಕೆ ಇದ್ದೋರು ಬನ್ರವ್ವ!" ಅಷ್ಟು ಸಾಕಾಯಿತು. ಊರಿನ ಹೆಂಗಸರಿಗೆ ರೋಷ ಉಕ್ಕಿತು. ತೆಂಗಿನಗರಿ ಹೆಣೆಯುತ್ತಿದ್ದ ಮುದುಕಿಯೊಬ್ಬಳು ಗರಿಯನ್ನು ಅಲ್ಲೇ ಬಿಟ್ಟು, "ಯಾವೂರ್ಲಾ ಈ ಹುಡ್ಗಿ? ನಾಳಿಕ್ಕೆ ಇವಳ ಕಾಲ್ ಇಡ್ದು ಎಳೀದಿದ್ರೆ ಕೇಳು" ಎಂದು ಎದ್ದು ನಿಂತಳು.

ಭಾನುವಾರ ಶಾಲೆಯ ಮೈದಾನದಲ್ಲಿ ಕುರ್ಚಿ ಸಾಲದೆ ಚಾಪೆ ತರಿಸಬೇಕಾಯಿತು! ಹೆಂಗಸರು ಹಸುಗಳನ್ನು ಹೊಡೆದುಕೊಂಡು, ಕಂಕುಳಲ್ಲಿ ಮಗು ಎತ್ತಿಕೊಂಡು, ಅತ್ತೆಯರನ್ನೂ ಎಬ್ಬಿಸಿಕೊಂಡು ಬಂದರು. ಸೀರೆ ಎತ್ತಿ ಕಟ್ಟಿದ ನುಗ್ಗೇಹಳ್ಳಿಯ ಹೆಂಗಸರ ತಂಡಕ್ಕೆ ಒಬ್ಬರು ಕಡಿಮೆಯಿದ್ದರು. ಸಣ್ಣಕ್ಕ ಹಿಂದು ಮುಂದು ನೋಡದೆ ಆ ಕಡೆ ಸೇರಿಕೊಂಡಳು. ತನ್ನ ಮಗಳ ಶಿಷ್ಯೆಯ ಕಾಲನ್ನೇ ತಬ್ಬಿ ಹಿಡಿದು ಕೆಡವಿದಳು. ಆ ಕೇಕೆಗೆ ಕಟ್ಟಿದ್ದ ಹಸುಗಳು ಬೆದರಿ ಗೂಟ ಕೀಳುವಂತಾದವು. ಎದೆಯ ಮೇಲೆ ಕರು ಇದ್ದ ಹಸಿರು ಟೀ-ಶರ್ಟುಗಳು ಮಣ್ಣಲ್ಲಿ ಹೊರಳಿದವು, ಬೆವರಲ್ಲಿ ನೆನೆದವು, ಮೈದಾನದ ತುಂಬ ಅವೇ ಕಂಡವು. ರವೀಂದ್ರ ಮೊಬೈಲಿನಲ್ಲಿ ಚಿತ್ರ ತೆಗೆದದ್ದೇ ತೆಗೆದದ್ದು.

ಒಂದೇ ಕೊರತೆ. ಅನಸೂಯಮ್ಮ ಬಂದಿರಲಿಲ್ಲ.

ಹನ್ನೊಂದಾಯಿತು, ಹನ್ನೆರಡೂ ಆಯಿತು. ಯಾವುದೋ ಮದುವೆಮನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಫೋನ್ ಹೋಗುತ್ತಿಲ್ಲ ಎಂದರು. ಹಾಲು ಕರೆದು ಮುಗಿದು, ಊಟಕ್ಕೆ ಎಲೆ ಹಾಕುವ ಹೊತ್ತಾಯಿತು. ಹುಡುಗಿಯರು ರಸ್ತೆಯನ್ನೇ ನೋಡುತ್ತ ನಿಂತರು. "ಅಕ್ಕ, ಇನ್ನು ಒರಡ್ದಿದ್ರೆ ಆಗಾಕಿಲ್ಲ ಕಣಕ್ಕ," ಎಂದಳು ನಿಸರ್ಗ, ಅಳು ತಡೆದುಕೊಂಡು. ಹೋದರೆ ಮಾತು ತಪ್ಪುತ್ತದೆ, ಹೋಗದಿದ್ದರೆ ಪಂದ್ಯ ತಪ್ಪುತ್ತದೆ.

ಆಗ ರವೀಂದ್ರ ತಾವೇ ಹತ್ತಿರ ಬಂದರು. "ಹೊರಡಿ ನೀವು. ಗಾಡಿ ರೆಡಿ ಇದೆ. ಮೇಡಂಗೆ ನಾನು ಹೇಳ್ಕೋತೀನಿ."

"ಏನಂತ ಹೇಳ್ತೀರಿ ಸಾ? ಈ ಸಲವೂ ಅವರು ಬಂದಾಗ ನಾವು ಈ ಟೀ-ಶರ್ಟಲ್ಲಿ ಕಾಣ್ದಿದ್ರೆ ಓದ್ವರ್ಷದ್ದೇ ಆಯ್ತಲ್ಲ."

"ನಾನು ಬೈಸ್ಕೋತೀನಿ, ಹೋಗ್ರಮ್ಮ!"

ಇಬ್ಬರೂ ಹೀಗೆ ಹೋಗಿ, ಹೋಗಲ್ಲ ಎನ್ನುತ್ತಿರುವಾಗಲೇ ಧೂಳೆಬ್ಬಿಸಿಕೊಂಡು ಕಾರು ಬಂತು. ಅನಸೂಯಮ್ಮ ಇಳಿದರು. ರೇಷ್ಮೆ ಸೀರೆ, ಕೈಯಲ್ಲಿ ಮದುವೆಮನೆಯ ತಾಂಬೂಲದ ಚೀಲ. ಚಾಪೆಯ ಮೇಲೆ ಕಿಕ್ಕಿರಿದಿದ್ದ ಹೆಂಗಸರನ್ನು ನೋಡಿದರು. ಮಣ್ಣು ಮೆತ್ತಿದ ಹಸಿರು ಟೀ-ಶರ್ಟಿನ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಟ್ರಂಕಿನ ಕತೆಯನ್ನು ರವೀಂದ್ರ ಆಗಲೇ ಮುಟ್ಟಿಸಿದ್ದರು.

"ಇವೇನಾ ಆ ಟ್ರಂಕಿನವು?"

"ಹೂಂ ಮೇಡಂ," ಎಂದು ರವೀಂದ್ರ ಹೆದರುತ್ತಲೇ ಹೇಳಿದರು. "ಇವರದ್ದು ಮೂರು ಗಂಟೆಗೆ ಹಾಸನದಲ್ಲಿ ಸೆಮಿಫೈನಲ್ಲು. ನೀವು ನೋಡೋವರೆಗೂ ಹೋಗಲ್ಲ ಅಂತ ಕೂತಿದ್ದಾರೆ."

ಅನಸೂಯಮ್ಮ ಬಿಂದುಶ್ರೀಯ ಕಡೆ ತಿರುಗಿದರು. "ಮ್ಯಾಚ್ ಇಟ್ಕೊಂಡು ನನ್ನ ಮುಖ ನೋಡೋಕೆ ಕಾದಿದ್ರಾ? ಬುದ್ಧಿ ಇದೆಯೇನ್ರೇ ನಿಮಗೆ! ರವೀಂದ್ರ, ಏನಯ್ಯಾ ನೋಡ್ತಾ ನಿಂತಿದೀಯ, ಹೊಡಿಯಯ್ಯ ಗಾಡಿ! ಇಲ್ಲಿ ಬಹುಮಾನ ಕೊಟ್ಟು ಹಿಂದೇನೇ ಬರ್ತೀನಿ."

ಆ ಬೂಸಾ ಗಾಡಿಯ ಪ್ರಯಾಣವನ್ನು ಹುಡುಗಿಯರು ಮುದುಕಿಯರಾದ ಮೇಲೂ ಹೇಳಿಕೊಂಡು ನಗುತ್ತಾರೆ. ಚೀಲಗಳ ಮೇಲೆ ಕೂತು, ರಸ್ತೆಯ ಪ್ರತಿ ಉಬ್ಬಿಗೂ ಕಿರುಚಿ, ಚನ್ನರಾಯಪಟ್ಟಣ ದಾಟುವಾಗ ಸಿಕ್ಕಸಿಕ್ಕವರಿಗೆಲ್ಲ ಕೈ ಬೀಸಿ, ಹೆದ್ದಾರಿಗೆ ಬಂದ ಮೇಲೆ ರವೀಂದ್ರ ಗಾಡಿ ಓಡಿಸಿದ ರಭಸಕ್ಕೆ ಒಬ್ಬರನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡು, ಅಂತೂ ಹಾಸನದ ಕ್ರೀಡಾಂಗಣದ ಮುಂದೆ ಇಳಿದಾಗ ಎಲ್ಲರ ತಲೆಯಲ್ಲೂ ಬೂಸಾದ ಪುಡಿ. ಒಳಗೆ ಮೈಕಿನಲ್ಲಿ ಅವರ ತಂಡದ ಹೆಸರನ್ನು ಕಡೆಯ ಸಲ ಕೂಗುತ್ತಿದ್ದರು. "ಬಂದ್ವಿ ಸಾ! ಬಂದ್ವಿ!" ಎಂದು ಎಲ್ಲರಿಗಿಂತ ಮುಂದೆ ಓಡಿದವರು ರವೀಂದ್ರ. ಅವರನ್ನು ನೋಡಿ ಅಂಪೈರು, "ನೀವೇನು ಆಡ್ತೀರಾ ಸರ್?" ಎಂದು ಕೇಳಿದರಂತೆ.

ಸೆಮಿಫೈನಲ್ಲಿನಲ್ಲಿ ಎದುರಿಗಿದ್ದದ್ದು ಕಟ್ಟಾಯದ ತಂಡ. ಬೆಳಗಿನಿಂದ ಮೈ ಕಾದಿದ್ದ ಹುಡುಗಿಯರನ್ನು ಹಿಡಿಯುವವರೇ ಇರಲಿಲ್ಲ. ಗೆದ್ದರು! ಸಂಘಮಿತ್ರ ತಂಡ ಮೊದಲ ಬಾರಿ ಫೈನಲ್ ಕಂಡಿತು. "ನೋಡ್ದಾ? ಫೈನಲ್‌ಗೆ ಅಂತ ಎತ್ತಿಟ್ಟಿದ್ದು ಫೈನಲ್‌ಗೆ ಬಂತು," ಎಂದು ಸಣ್ಣಕ್ಕ ಎಲ್ಲರಿಗೂ ಕೇಳುವಂತೆ ಹೇಳಿದಳು.

ಫೈನಲ್ಲಿನಲ್ಲಿ ಎದುರಾದವರು ಅರಕಲಗೂಡಿನವರು. ಅವರಿಗೆ ವರ್ಷವೆಲ್ಲ ಮ್ಯಾಟಿನ ಮೇಲೇ ಅಭ್ಯಾಸ. ಅಷ್ಟರಲ್ಲಿ ಅನಸೂಯಮ್ಮನೂ ಬಂದು ಮುಂದಿನ ಸಾಲಿನಲ್ಲಿ ಕೂತರು. ಅವರ ತವರು ಅರಕಲಗೂಡು ಎಂಬುದು ಆಗಷ್ಟೇ ಎಲ್ಲರಿಗೂ ಗೊತ್ತಾಯಿತು. ಎದುರು ತಂಡದ ಕಡೆಯವರೆಲ್ಲ "ಅನಸೂಯಕ್ಕ, ಈ ಕಡೆ ಬಾರಕ್ಕ" ಎಂದು ಕೈ ಮಾಡುತ್ತಿದ್ದರು. ಮೊದಲು ಅನಸೂಯಮ್ಮ ಯಾವ ಕಡೆಗೂ ಚಪ್ಪಾಳೆ ತಟ್ಟದೆ ಗಂಭೀರವಾಗಿ ಕೂತರು. ಆಟ ಅರ್ಧವಾಗುವ ಹೊತ್ತಿಗೆ ಸೀಟಿನ ತುದಿಗೆ ಬಂದಿದ್ದರು. ನಿಸರ್ಗ ಒಂದೇ ರೈಡಿನಲ್ಲಿ ಇಬ್ಬರನ್ನು ಮುಟ್ಟಿಕೊಂಡು ಹಾರಿ ಬಂದಾಗ, ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತು, "ಹಾಗೆ ನುಗ್ಗೇ! ನುಗ್ಗೇ ನನ್ನ ಬಂಗಾರಿ!" ಎಂದು ಕೂಗಿದರು. ತವರಿನವರು ಬಾಯಿ ಬಿಟ್ಟುಕೊಂಡು ನೋಡಿದರು.

ಅಂಕ ಸಮ ಸಮ. ಕಡೆಯ ರೈಡು. ನಿಸರ್ಗ ಒಳಗೆ ಹೋದಳು, ಮೂಲೆಯವಳನ್ನು ಕಾಲಲ್ಲಿ ಮುಟ್ಟಿದಳು, ತಿರುಗಿದಳು. ಗೆರೆ ಒಂದು ಹೆಜ್ಜೆಯಷ್ಟು ದೂರ. ಆ ತಿರುವಿನಲ್ಲಿ ಅವಳ ಶೂ ಮ್ಯಾಟಿನ ಮೇಲೆ ಜಾರಿತು. ಅರಕಲಗೂಡಿನವರು ಮೇಲೆ ಬಿದ್ದು ಒತ್ತಿ ಹಿಡಿದರು. ಸೀಟಿ ಕೂಗಿತು.

ಸೋತಿದ್ದರು. ರವೀಂದ್ರ ಗೆರೆಯ ತನಕ ನುಗ್ಗಿ ಅಂಪೈರರ ಹತ್ತಿರ ಜಗಳಕ್ಕೆ ನಿಂತರು. ಅವರನ್ನು ಹಿಡಿದೆಳೆದು ತರಲು ಕೀರ್ತಿರಾಜನೇ ಹೋಗಬೇಕಾಯಿತು. ನಿಸರ್ಗ ಬಿಂದುಶ್ರೀಯ ಭುಜಕ್ಕೆ ಮುಖವೊತ್ತಿ ಅಳುತ್ತಿದ್ದಳು. "ಮುಟ್ಟಿದ್ದೆ ಕಣಕ್ಕ. ಕಾಲ್ ಜಾರ್ತು. ಮಣ್ಣಾಗಿದ್ರೆ ಜಾರ್ತಿರ್ಲಿಲ್ಲ."

ರವೀಂದ್ರ ಅದನ್ನು ಕೇಳಿಸಿಕೊಂಡರು. "ನೀವು ಅಭ್ಯಾಸ ಮಾಡೋದು ಎಲ್ಲಿ?"

"ಇಸ್ಕೂಲ್ ಹಿಂದೆ, ಮಣ್ಣಲ್ಲಿ ಸಾ," ಎಂದಳು ಬಿಂದುಶ್ರೀ.

"ಮ್ಯಾಟೇ ಇಲ್ವಾ? ಮ್ಯಾಟಿಲ್ಲದೆ ಇಲ್ಲೀವರೆಗೂ ಬಂದ್ರಾ? ಮತ್ತೆ ಯಾಕಮ್ಮ ಒಂದು ಮಾತು ಕೇಳಲಿಲ್ಲ ನೀವು?"

ಬಿಂದುಶ್ರೀ ಅವ್ವನ ಕಡೆ ನೋಡಿದಳು. ಸಣ್ಣಕ್ಕ ನಿಸರ್ಗಳ ತಲೆಯಿಂದ ಬೂಸಾದ ಪುಡಿ ಕೊಡವುತ್ತಿದ್ದಳು.

"ನಿಮ್ಮ ಗದ್ದೆ ನಾಟಿ ಮುಗೀಲಿ ಅಂತಿದ್ವಿ ನನ್ನಪ್ಪ," ಎಂದಳು.

ರವೀಂದ್ರರಿಗೆ ತಕ್ಷಣಕ್ಕೆ ತಿಳಿಯಲಿಲ್ಲ. ಆದರೆ ಹಿಂದೆ ನಿಂತಿದ್ದ ಅನಸೂಯಮ್ಮ ಗದ್ದೆಯ ಮನೆಯಲ್ಲೇ ಹುಟ್ಟಿದವರು, ಅವರಿಗೆ ವಿವರಿಸಬೇಕಾಗಲಿಲ್ಲ. ಅವರು ಸಣ್ಣಕ್ಕನನ್ನು ಬಹಳ ಹೊತ್ತು ನೋಡಿದರು. "ತವರಿನವರ ಎದುರಿಗೆ ನನ್ನನ್ನ ಗಂಟಲು ಹರಿಯೋ ಹಾಗೆ ಕೂಗಿಸಿಬಿಟ್ರಲ್ಲೇ," ಎಂದು ನಕ್ಕರು. ಆ ನಗುವಿನಲ್ಲಿ ಕಣ್ಣೂ ಒದ್ದೆಯಾಗಿತ್ತು. "ನಮ್ಮ ನಾಟಿ ಇವತ್ತು ಚೆನ್ನಾಗಿ ಮುಗೀತಮ್ಮ. ಈಗ ನಿಮ್ಮ ಗದ್ದೆ ಯಾವುದು, ತೋರಿಸಿ."

ಈ ಸಲ ಯಾವ ಹಿಮ್ಮಡಿಯೂ ಪಾದ ಒತ್ತಲಿಲ್ಲ. "ಮ್ಯಾಟು ಮೇಡಂ!" ಎಂದಳು ಬಿಂದುಶ್ರೀ. ಇಷ್ಟು ದಿನ ಕಟ್ಟಿಟ್ಟಿದ್ದ ಮಾತು, ಕೂಗಿದಂತೆಯೇ ಹೊರಗೆ ಬಂತು.

ಮ್ಯಾಟು ಬಂದದ್ದು ಅದೇ ಬೂಸಾ ಗಾಡಿಯಲ್ಲಿ. ಮಳೆ-ಬಿಸಿಲು ತಾಗಬಾರದೆಂದು ಅದನ್ನು ಇಳಿಸಿದ್ದು ಬಿಂದುಶ್ರೀಯ ಕೇರಿಯ ಅಂಬೇಡ್ಕರ್ ಭವನದಲ್ಲಿ. ಅದರ ಬಾಗಿಲಲ್ಲಿ ಎಲ್ಲ ಬೀದಿಯ ಜನವೂ ಮುತ್ತಿಕೊಂಡರು. ನಿಸರ್ಗಳ ತಾತ ತಿಮ್ಮಪ್ಪ ಕೋಲೂರಿಕೊಂಡು ಆ ಹೊಸ್ತಿಲನ್ನು ಮೊದಲ ಸಲ ದಾಟಿ ಒಳಗೆ ಬಂದು ಗೋಡೆಗೆ ಒರಗಿ ನಿಂತರು. ತುಂಡಿಗೆ ತುಂಡು ಕೂಡಿಸಿ ಹಾಸಿದ ಮೇಲೆ ಭವನವೇ ಹೊಸದಾದಂತೆ ಕಂಡಿತು. ನೀಲಿ ಬಣ್ಣ, ಸುತ್ತ ಹಳದಿ ಅಂಚು. ಒಂದು ಕಲೆಯಿಲ್ಲ, ಒಂದು ಗೀರಿಲ್ಲ. ಅದಕ್ಕೇ ಯಾರೂ ಕಾಲಿಡಲಿಲ್ಲ! ಹುಡುಗಿಯರು ಹಸಿರು ಟೀ-ಶರ್ಟು ಹಾಕಿಕೊಂಡು ಅಂಚಿನಲ್ಲಿ ಸಾಲಾಗಿ ನಿಂತು ಸುಮ್ಮನೆ ನೋಡಿದರು. ನಿಸರ್ಗ ಬಗ್ಗಿ ಅಂಗೈಯಿಂದ ಒಮ್ಮೆ ಸವರಿ ಕೈ ಹಿಂದೆಗೆದುಕೊಂಡಳು. "ಅಕ್ಕ, ಈಗ ಇಂಗೇ ಇರ್ಲಿ ಕಣಕ್ಕ. ದಸರಾ ಅತ್ರ ಬಂದಾಗ ಆಡಾನ," ಎಂದಳು. ಬಿಂದುಶ್ರೀಗೂ, ನಾಚಿಕೆಗೇಡು, ಹಾಗೇ ಅನಿಸಿತು. ರವೀಂದ್ರ ಗಾಬರಿಯಿಂದ ಜನರ ನಡುವೆ ಹುಡುಕಿದರು. "ನಿಮ್ಮಮ್ಮ ಎಲ್ಲಿ? ಇದಕ್ಕೂ ಬೀಗ ಹಾಕಿಸಿಬಿಡ್ತಾರಲ್ಲಮ್ಮ!"

ಸಣ್ಣಕ್ಕ ಆಗಷ್ಟೇ ಗದ್ದೆಯಿಂದ ಬಂದಳು. ಅವತ್ತು ಅವಳದೇ ಗದ್ದೆಯ ನಾಟಿ, ನಂಜಮ್ಮನೂ ಜೊತೆಗಿದ್ದಳು. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿತ್ತು, ಕಾಲಿನ ಕೆಸರು ಇನ್ನೂ ಆರಿರಲಿಲ್ಲ. ಜನ ದಾರಿ ಬಿಟ್ಟರು. ಅವಳು ನೀಲಿ ಮ್ಯಾಟನ್ನು ಈ ತುದಿಯಿಂದ ಆ ತುದಿಗೆ ನೋಡಿದಳು, ಅಂಚಿನಲ್ಲಿ ನಿಂತಿದ್ದ ಹುಡುಗಿಯರನ್ನು ನೋಡಿದಳು. ಅವಳ ಕೈ ತಾನಾಗಿ ಸೊಂಟದ ಬೀಗದಕೈಯ ಕಡೆ ಹೋದದ್ದನ್ನು ಬಿಂದುಶ್ರೀ ಕಂಡಳು. ಆ ಕೈ ಅಲ್ಲೇ ನಿಂತಿತು.

ಆಮೇಲೆ ಸಣ್ಣಕ್ಕ ನಡೆದು ಬಂದು, ಮ್ಯಾಟಿನ ನಟ್ಟನಡುವೆ ಕೆಸರುಗಾಲನ್ನು ಎತ್ತಿ ಇಟ್ಟಳು. ಬರೀ ಇಡಲಿಲ್ಲ, ಒತ್ತಿದಳು. ಕಾಲು ತೆಗೆದಾಗ ಐದು ಬೆರಳೂ ನೀಲಿಯ ಮೇಲೆ ಅಚ್ಚಾಗಿ ಮೂಡಿದ್ದವು.

"ತಗಳ್ಳಿ, ಅಳೇದಾಯ್ತು," ಎಂದಳು. "ಆಡ್ರವ್ವ ಇನ್ನ."